ಸ್ಪ್ರಿಂಗ್ ನಟ್ಟಿಗೆ ಕೈ ಹಾಕುವ ಮುನ್ನ: ಹಳೆಯ ಟ್ರಯಂಫ್ ಬೈಕಿನ ಕ್ಲಚ್ ಸರಿಪಡಿಸಿದ ನನ್ನ ಅನುಭವ

ಹಳೆಯ ಬೈಕುಗಳಲ್ಲಿ, ಎಂಜಿನ್ನಿನ ಬಲವನ್ನು ಗಿಯರ್ ಬಾಕ್ಸಿಗೆ ದಾಟಿಸುವ ಕ್ಲಚ್ ಸ್ಲಿಪ್ ಆಗುವ, ಅಂದರೆ ಜಾರುವ, ತೊಂದರೆ ಒಂದೇ ದಿನದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮೊದಮೊದಲು ಟಾಪ್ ಗಿಯರಿನಲ್ಲಿ ಏರು ಹತ್ತುವಾಗ, ಅದೂ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದಾಗ ಮಾತ್ರ, ಎಂಜಿನ್ನಿನ ಸದ್ದು ಏರುತ್ತದೆ, ಬೈಕಿನ ವೇಗ ಇದ್ದಲ್ಲೇ ಇರುತ್ತದೆ. ಆಕ್ಸಿಲರೇಟರ್ ಸ್ವಲ್ಪ ಇಳಿಸಿದೊಡನೆ ಮತ್ತೆ ಎಲ್ಲವೂ ಸರಿಯಾದಂತೆ ತೋರುವುದರಿಂದ ಸವಾರ ಅದನ್ನು ಅಷ್ಟಕ್ಕೇ ಬಿಡುತ್ತಾನೆ. ಹಾಗೆಯೇ ಓಡಿಸುತ್ತಾ ಹೋದರೆ ಮೂರನೆಯ ಗಿಯರಿನಲ್ಲೂ ಅದೇ ಪಾಡಾಗುತ್ತದೆ. ಕೊನೆಗೆ ಕಿಕ್ ಹೊಡೆದಾಗ ಕಿಕ್ಕರ್ ಕೆಳಗಿಳಿಯುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. 1960ರ ದಶಕದ ಬ್ರಿಟಿಷ್ ಬೈಕುಗಳಲ್ಲಿ ಕಿಕ್ಕರಿನ ಬಲ ಗಿಯರ್ ಬಾಕ್ಸಿನ ಮೇನ್ ಶಾಫ್ಟ್ ಮತ್ತು ಕ್ಲಚ್ಚಿನ ಮೂಲಕವೇ ಎಂಜಿನ್ನಿಗೆ ತಲುಪಬೇಕಾದ್ದರಿಂದ, ಕ್ಲಚ್ ಎಷ್ಟು ಹಾಳಾಗಿದೆ ಎಂಬುದನ್ನು ನಿಂತಲ್ಲೇ ಅಳೆಯಲು ಕಿಕ್ಕರಿಗಿಂತ ಒಳ್ಳೆಯ ಸಾಧನವಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು 1960ರ ದಶಕದ ಒಂದು 650 ಸಿಸಿ ಟ್ರಯಂಫ್ ಟ್ವಿನ್ (ಎರಡು ಸಿಲಿಂಡರಿನ) ಬೈಕಿನ ಕ್ಲಚ್ಚನ್ನು ನನ್ನ ಕೈಯಾರೆ ಸರಿಪಡಿಸಿದ ಬಗೆಯನ್ನು. ಎಂಜಿನ್ ಮತ್ತು ಗಿಯರ್ ಬಾಕ್ಸ್ ಎರಡನ್ನೂ ಒಂದೇ ಕೇಸಿನಲ್ಲಿ ಕೂಡಿಸಿದ ಮಾದರಿ ಇದು. ಟ್ರಯಂಫ್ 650ಗಳಲ್ಲಿ ಈ ವಿನ್ಯಾಸ 1963ರಲ್ಲಿ ಬಂತು. ಇದರ ಕ್ಲಚ್ ಎಣ್ಣೆಯಲ್ಲಿ ಮುಳುಗಿ ಓಡುವ ಬಹುಪ್ಲೇಟ್ ಕ್ಲಚ್: ಲೈನಿಂಗ್ ಅಂಟಿಸಿದ 6 ಫ್ರಿಕ್ಷನ್ ಪ್ಲೇಟುಗಳು, ಅವುಗಳ ನಡುವೆ 6 ಬರಿಯ ಸ್ಟೀಲ್ ಪ್ಲೇಟುಗಳು, ಎಲ್ಲವನ್ನೂ ಹೊರಗಿನಿಂದ ಒತ್ತಿಹಿಡಿಯುವ ಒಂದು ಪ್ರೆಷರ್ ಪ್ಲೇಟ್ ಮತ್ತು ಅದಕ್ಕೆ ಬಲ ಕೊಡುವ 3 ಸ್ಪ್ರಿಂಗುಗಳು. ಬೇರೆ ಮಾದರಿಗಳಲ್ಲಿ ಪ್ಲೇಟುಗಳ ಎಣಿಕೆ, ಸ್ಪ್ರಿಂಗುಗಳ ಎಣಿಕೆ ಬೇರೆಯಿರಬಹುದು, ಆದರೆ ಕೆಲಸದ ತರ್ಕ ಒಂದೇ.

ಆ ತರ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಡೀ ದುರಸ್ತಿಯ ಕ್ರಮ ಅದರ ಮೇಲೆಯೇ ನಿಂತಿದೆ. ಒಂದು ಕ್ಲಚ್ ಎಷ್ಟು ತಿರುಗುಬಲವನ್ನು ಜಾರದೆ ದಾಟಿಸಬಲ್ಲದು ಎಂಬುದು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಪ್ಲೇಟುಗಳ ಮೇಲೆ ಬೀಳುವ ಒತ್ತಡ, ಲೈನಿಂಗ್ ಮತ್ತು ಸ್ಟೀಲಿನ ನಡುವಿನ ಘರ್ಷಣೆ, ಉಜ್ಜುವ ಮೇಲ್ಮೈಗಳ ಎಣಿಕೆ, ಮತ್ತು ಪ್ಲೇಟಿನ ಸರಾಸರಿ ತ್ರಿಜ್ಯ. ಕೊನೆಯ ಎರಡು ಬದಲಾಗುವಂಥವಲ್ಲ. 6 ಫ್ರಿಕ್ಷನ್ ಪ್ಲೇಟುಗಳಿಗೆ ಎರಡೆರಡು ಮುಖಗಳಂತೆ 12 ಮೇಲ್ಮೈಗಳು ಅಂದೂ ಇದ್ದವು, ಇಂದೂ ಇವೆ. ಹಾಗಾಗಿ ಜಾರುವ ಕ್ಲಚ್ಚಿನಲ್ಲಿ ಒತ್ತಡ ಕಡಿಮೆಯಾಗಿರಬೇಕು, ಇಲ್ಲವೇ ಘರ್ಷಣೆ ಕಡಿಮೆಯಾಗಿರಬೇಕು. ಒತ್ತಡ ಕಡಿಮೆಯಾಗುವುದಕ್ಕೂ ಎರಡು ದಾರಿಗಳಿವೆ: ಸ್ಪ್ರಿಂಗೇ ಸೋತಿರಬಹುದು, ಅಥವಾ ಸ್ಪ್ರಿಂಗ್ ಗಟ್ಟಿಯಾಗಿಯೇ ಇದ್ದು ಅದರ ಬಲದ ಒಂದು ಪಾಲನ್ನು ಕೇಬಲ್ಲೋ, ಲಿವರ್ ಎಳೆದಾಗ ಪ್ರೆಷರ್ ಪ್ಲೇಟನ್ನು ಹೊರಗೆ ತಳ್ಳುವ ಪುಶ್ ರಾಡೋ ನಡುವೆಯೇ ತಡೆದಿರಬಹುದು.

ಈ ಎರಡನೆಯ ಸಾಧ್ಯತೆಯನ್ನು ನೋಡದೆಯೇ ಹೆಚ್ಚಿನವರು ಕ್ಲಚ್ ಕೂತಿರುವ ಚೈನ್ ಕೇಸನ್ನು ಬಿಚ್ಚಿ ಸ್ಪ್ರಿಂಗ್ ನಟ್ಟುಗಳನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಜಾರುವುದು ಸದ್ಯಕ್ಕೆ ನಿಲ್ಲುತ್ತದೆ. ಅದರ ಜೊತೆಗೆ ಕ್ಲಚ್ ಲಿವರ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕೇಬಲ್ ಬೇಗ ಸವೆಯುತ್ತದೆ, ನಿಜವಾದ ಕಾರಣ ಒಳಗೇ ಉಳಿದುಕೊಳ್ಳುತ್ತದೆ. ನನ್ನ ಕೈಗೆ ಬಂದ ಬೈಕಿನಲ್ಲಿ ಹಿಂದಿನವರು ಯಾರೋ ಇದೇ ಚಿಕಿತ್ಸೆಯನ್ನು ಮಾಡಿದ್ದರು. ಎರಡು ಬೆರಳಿನಲ್ಲಿ ಎಳೆಯಬೇಕಾದ ಲಿವರನ್ನು ಇಡೀ ಅಂಗೈಯಿಂದ ಹಿಚುಕಬೇಕಿತ್ತು. ಅಷ್ಟಾದರೂ ಟಾಪ್ ಗಿಯರಿನಲ್ಲಿ ಕ್ಲಚ್ ಜಾರುತ್ತಲೇ ಇತ್ತು. ಲಿವರ್ ಅಷ್ಟು ಗಟ್ಟಿಯಿದ್ದೂ ಕ್ಲಚ್ ಜಾರುತ್ತಿದೆ ಎಂದರೆ ಸ್ಪ್ರಿಂಗಿನ ಬಲಕ್ಕೆ ಕೊರತೆಯಿಲ್ಲ, ತೊಂದರೆ ಬೇರೆಡೆ ಇದೆ ಎಂದೇ ಅರ್ಥ. ಕೇಸನ್ನು ಬಿಚ್ಚುವ ಮೊದಲೇ ಬೈಕು ಅಷ್ಟನ್ನು ಹೇಳಿಬಿಟ್ಟಿತ್ತು.

ಆದ್ದರಿಂದ ಮೊದಲು ಕೇಬಲ್ಲಿನ ಪ್ಲೇ ನೋಡಿದೆ. ಲಿವರನ್ನು ಎಳೆಯತೊಡಗಿದಾಗ ಮೊದಲ ಸ್ವಲ್ಪ ದೂರ ಅದು ಯಾವ ಭಾರವೂ ಇಲ್ಲದೆ ಸಡಿಲವಾಗಿ ಚಲಿಸಬೇಕು. ಕೇಬಲ್ಲಿನ ಹೊರಕವಚ ಮತ್ತು ಲಿವರ್ ಹಿಡಿಕೆಯ ನಡುವೆ ಅಳೆದರೆ ಸುಮಾರು 3 ಮಿಲಿಮೀಟರ್ ಅಂತರ ಸಾಕು. ನನ್ನ ಬೈಕಿನಲ್ಲಿ ಅಂಥ ಸಡಿಲವೇ ಇರಲಿಲ್ಲ, ಮುಟ್ಟಿದೊಡನೆ ಭಾರ ತಾಕುತ್ತಿತ್ತು. ಇಲ್ಲಿ ಹಲವರಿಗೆ ಗೊಂದಲವಾಗುವ ಒಂದು ವಿಚಾರವಿದೆ. ಬ್ರೇಕ್ ಲೈನಿಂಗ್ ಸವೆದರೆ ಬ್ರೇಕ್ ಲಿವರಿನ ಪ್ಲೇ ಹೆಚ್ಚುತ್ತದೆ, ಹಾಗೆಯೇ ಕ್ಲಚ್ ಸವೆದರೂ ಪ್ಲೇ ಹೆಚ್ಚಬೇಕೆಂದು ನಾವು ಅಂದುಕೊಳ್ಳುತ್ತೇವೆ. ಆಗುವುದು ಇದರ ತದ್ವಿರುದ್ಧ. ಫ್ರಿಕ್ಷನ್ ಪ್ಲೇಟುಗಳು ತೆಳುವಾದಂತೆ ಪ್ರೆಷರ್ ಪ್ಲೇಟ್ ಒಳಮುಖವಾಗಿ, ಅಂದರೆ ಪುಶ್ ರಾಡಿನ ಕಡೆಗೆ ಸರಿಯುತ್ತದೆ. ಆರು ಪ್ಲೇಟುಗಳಲ್ಲಿ ಪ್ರತಿಯೊಂದೂ ಒಂದು ಮಿಲಿಮೀಟರಿನ ಮೂರನೆಯ ಒಂದರಷ್ಟು ಸವೆದರೂ ಪ್ರೆಷರ್ ಪ್ಲೇಟ್ 2 ಮಿಲಿಮೀಟರ್ ಒಳಗೆ ಬಂದಿರುತ್ತದೆ. ಅದು ಬಂದು ರಾಡಿಗೆ ತಾಗಿದ ಮೇಲೆ ಸ್ಪ್ರಿಂಗಿನ ಬಲದಲ್ಲಿ ಒಂದು ಭಾಗ ಪ್ಲೇಟುಗಳ ಮೇಲೆ ಬೀಳದೆ ರಾಡಿನ ಮೂಲಕ ಕೇಬಲ್ಲಿಗೆ ಹೋಗುತ್ತದೆ. ಸವಾರ ಲಿವರನ್ನು ಮುಟ್ಟದಿದ್ದರೂ ಬೈಕು ಸದಾ ಅರೆ ಒತ್ತಿದ ಕ್ಲಚ್ಚಿನಲ್ಲೇ ಓಡುತ್ತಿರುತ್ತದೆ.

ಕೇಬಲ್ಲಿನ ಎಡ್ಜಸ್ಟರನ್ನು ಮಾತ್ರ ಸಡಿಲಿಸಿ ಪ್ಲೇ ತರಿಸುವುದು ಅರ್ಧ ಕೆಲಸ. ಸರಿಯಾದ ಕ್ರಮವೆಂದರೆ ಮೊದಲು ಕೇಬಲನ್ನು ಪೂರ್ತಿ ಸಡಿಲ ಬಿಟ್ಟು, ಅದರ ನಂತರ ಪುಶ್ ರಾಡಿನ ಅಂತರವನ್ನು ಸರಿಪಡಿಸಿ, ಕೊನೆಯಲ್ಲಿ ಕೇಬಲ್ಲಿಗೆ ಬರುವುದು. ಚೈನ್ ಕೇಸಿನ ಹೊರಮುಚ್ಚಳದಲ್ಲಿ ಕ್ಲಚ್ಚಿನ ನಡುವಿಗೆ ಎದುರಾಗಿ ತಿರುಪಿನ ಒಂದು ಮುಚ್ಚಳವಿದೆ. ಅದನ್ನು ಬಿಚ್ಚಿದರೆ ಪ್ರೆಷರ್ ಪ್ಲೇಟಿನ ಮಧ್ಯದ ಎಡ್ಜಸ್ಟಿಂಗ್ ಸ್ಕ್ರೂ ಮತ್ತು ಅದರ ಲಾಕ್ ನಟ್ ಕಾಣುತ್ತವೆ. ಲಾಕ್ ನಟ್ಟನ್ನು ಸಡಿಲಿಸಿ ಸ್ಕ್ರೂವನ್ನು ಮೆಲ್ಲನೆ ಒಳಗೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ರಾಡಿಗೆ ತಾಗಿ ಬಿಗಿ ತೋರುತ್ತದೆ, ಅಂದರೆ ಪ್ರೆಷರ್ ಪ್ಲೇಟನ್ನು ಎತ್ತಲು ಹೊರಟಿದೆ ಎಂದರ್ಥ. ಅಲ್ಲಿಂದ ಒಂದು ಪೂರ್ತಿ ಸುತ್ತು ಹಿಂದಕ್ಕೆ ತಿರುಗಿಸಿ, ಸ್ಕ್ರೂ ಅಲುಗದಂತೆ ಸ್ಕ್ರೂಡ್ರೈವರಿನಲ್ಲಿ ಹಿಡಿದು, ಲಾಕ್ ನಟ್ಟನ್ನು ಬಿಗಿ ಮಾಡಬೇಕು. ಬಿಗಿ ಮಾಡುವಾಗ ನಟ್ಟಿನ ಜೊತೆ ಸ್ಕ್ರೂವೂ ಕೊಂಚ ತಿರುಗಿಬಿಡುವುದು ಮಾಮೂಲಿ, ಹಾಗಾಗಿ ನಂತರ ಮತ್ತೊಮ್ಮೆ ನೋಡಿಕೊಳ್ಳುವುದು ಕಡ್ಡಾಯ.

ಇಷ್ಟರಿಂದಲೇ ಗುಣವಾಗುವ ಕ್ಲಚ್ಚುಗಳು ಬೇಕಾದಷ್ಟಿವೆ. ನನ್ನದೂ ಸ್ವಲ್ಪ ಸುಧಾರಿಸಿತು. ಕಿಕ್ಕರ್ ಜಾರುವುದು ನಿಂತಿತು, ಆದರೆ ಎಂಜಿನ್ ಬಿಸಿಯಾದ ಮೇಲೆ ಏರಿನಲ್ಲಿ ಹಳೆಯ ಚಾಳಿಯೇ ಉಳಿಯಿತು. ತಣ್ಣಗಿದ್ದಾಗ ಹಿಡಿದು ಬಿಸಿಯಾದಾಗ ಜಾರುವ ಕ್ಲಚ್ಚಿನಲ್ಲಿ ನಾನು ಮೊದಲು ಅನುಮಾನಿಸುವುದು ಎಣ್ಣೆಯನ್ನು ಮತ್ತು ಲೈನಿಂಗಿನ ಮೇಲ್ಮೈಯನ್ನು. ಇನ್ನು ಕೇಸನ್ನು ಬಿಚ್ಚಲೇಬೇಕಿತ್ತು.

ಅಗಲವಾದ ತಟ್ಟೆಯೊಂದನ್ನು ಕೆಳಗಿಟ್ಟು ಚೈನ್ ಕೇಸಿನ ಎಣ್ಣೆಯನ್ನು ಇಳಿಸಿದೆ. ಹೀಗೆ ಇಳಿದ ಎಣ್ಣೆಯನ್ನು ನೋಡದೆ ಚೆಲ್ಲಬಾರದು. ಮೊದಲು ಅದರ ಪ್ರಮಾಣ: ಈ ಮಾದರಿಯ ಚೈನ್ ಕೇಸಿಗೆ ಬೇಕಾದದ್ದು ಸುಮಾರು 350 ಮಿಲಿಲೀಟರ್ ಮಾತ್ರ. ಅದಕ್ಕಿಂತ ಬಹಳ ಹೆಚ್ಚು ಬಂದರೆ ಕ್ರ್ಯಾಂಕ್ ಶಾಫ್ಟಿನ ಸೀಲ್ ಸವೆದು ಎಂಜಿನ್ ಎಣ್ಣೆ ಈ ಕಡೆಗೆ ಸೋರುತ್ತಿದೆಯೆಂದು ತಿಳಿಯಬೇಕು. (1970ರ ನಂತರದ 650ಗಳಲ್ಲಿ ಕ್ರ್ಯಾಂಕ್ ಕೇಸ್ ಚೈನ್ ಕೇಸಿನ ಮೂಲಕವೇ ಉಸಿರಾಡುವುದರಿಂದ ಈ ಲೆಕ್ಕ ಅವಕ್ಕೆ ಹೊಂದುವುದಿಲ್ಲ.) ನನ್ನಲ್ಲಿ ಪ್ರಮಾಣ ಸರಿಯಾಗಿಯೇ ಇತ್ತು. ಆದರೆ ಎಣ್ಣೆ ಕಪ್ಪಾಗಿತ್ತು, ಸುಟ್ಟ ವಾಸನೆಯಿತ್ತು, ತಟ್ಟೆಯ ತಳದಲ್ಲಿ ಲೈನಿಂಗಿನ ನುಣುಪಾದ ಪುಡಿ ಕೆಸರಿನಂತೆ ಕೂತಿತ್ತು. ಬೆರಳುಗಳ ನಡುವೆ ಉಜ್ಜಿದರೆ ಹೊಸ ಕಾರ್ ಎಣ್ಣೆಗಳಲ್ಲಿರುವ ಜಾರುವಿಕೆ ತಿಳಿಯುತ್ತಿತ್ತು. ಇದು ಬೆರಳಿನ ಅಂದಾಜು, ಪುರಾವೆಯೆಂದು ಹೇಳಲಾರೆ.

ಎಣ್ಣೆಯ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಇಂದಿನ ಕಾರುಗಳ ತೆಳು ಎಣ್ಣೆಗಳಲ್ಲಿ ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸುವುದುಂಟು. ಡಬ್ಬಿಯ ಹಿಂಬದಿಯ ವೃತ್ತಾಕಾರದ ಮುದ್ರೆಯಲ್ಲಿ 'ಎನರ್ಜಿ ಕನ್ಸರ್ವಿಂಗ್' ಅಥವಾ 'ರಿಸೋರ್ಸ್ ಕನ್ಸರ್ವಿಂಗ್' ಎಂಬ ಬರಹವಿದ್ದರೆ ಅದು ಒದ್ದೆ ಕ್ಲಚ್ಚಿಗೆ ತಕ್ಕುದಲ್ಲ. ಕಾರಿನ ಕ್ಲಚ್ ಎಂಜಿನ್ ಎಣ್ಣೆಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಕಾರಿಗೆ ಅದರಿಂದ ತೊಂದರೆಯಿಲ್ಲ. ಬೈಕುಗಳ ಒದ್ದೆ ಕ್ಲಚ್ಚಿನ ಸಲುವಾಗಿಯೇ ಜಪಾನಿನಲ್ಲಿ 1998ರಲ್ಲಿ ಜಾಸೋ ಎಂಬ ಮಾನದಂಡ ಬಂದಿದೆ. ಅದರಲ್ಲಿ 'ಎಂಎ' ಗುರುತಿರುವ ಎಣ್ಣೆ ಕ್ಲಚ್ಚಿಗೆ ಹಿಡಿತ ಕೊಡುವಂಥದ್ದು, 'ಎಂಬಿ' ಗುರುತಿನದು ಹೆಚ್ಚು ಜಾರುವಂಥದ್ದು. ನಮ್ಮ ಬೈಕುಗಳು ತಯಾರಾದಾಗ ಇವೆಲ್ಲ ಇರಲಿಲ್ಲ, ಎಸ್‌ಎಇ 20 ದರ್ಜೆಯ ಸಾದಾ ಎಣ್ಣೆಯನ್ನು ಹಾಕುತ್ತಿದ್ದರು. ಕೆಲವರು ಈ ಕೇಸಿಗೆ ಆಟೊಮ್ಯಾಟಿಕ್ ಗಿಯರ್ ಬಾಕ್ಸಿನ ಎಣ್ಣೆಯನ್ನೂ ಹಾಕುತ್ತಾರೆ, ಒಳ್ಳೆಯ ಫಲ ಕಂಡವರಿದ್ದಾರೆ. ನಾನು ಎಂಎ ಗುರುತಿನ ತೆಳು ಬೈಕ್ ಎಣ್ಣೆಯನ್ನೇ ಹಾಕುತ್ತೇನೆ. ಬಹಳ ದಪ್ಪ ಎಣ್ಣೆ ಹಾಕಿದರೆ ಚಳಿಗೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು ಮೊದಲ ಗಿಯರ್ ಬೀಳುವಾಗ ಬೈಕು ಮುಂದಕ್ಕೆ ನೆಗೆಯುತ್ತದೆ.

ಹೊರಮುಚ್ಚಳವನ್ನು ತೆಗೆಯಲು ಎಡಗಡೆಯ ಫುಟ್ ರೆಸ್ಟ್ ಬಿಚ್ಚಿ, ಬ್ರೇಕ್ ಪೆಡಲನ್ನು ಕೆಳಗಿಳಿಸಿ (ಈ ಬೈಕುಗಳಲ್ಲಿ ಬ್ರೇಕ್ ಎಡಗಾಲಿಗೆ, ಗಿಯರ್ ಬಲಗಾಲಿಗೆ), ಎಡ ಸೈಲೆನ್ಸರ್ ಪೈಪನ್ನು ಸಡಿಲಿಸಿ ಸರಿಸಿಕೊಳ್ಳಬೇಕಾಗುತ್ತದೆ. ಮುಚ್ಚಳದ ಸ್ಕ್ರೂಗಳ ತಲೆ ಕೆಡದಂತೆ ಸರಿಯಾದ ಅಳತೆಯ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರಿನಿಂದ ಒಂದೊಂದೇ ಪೆಟ್ಟಿಗೆ ಸಡಿಲಿಸಿದೆ. ಸ್ಕ್ರೂಗಳ ಉದ್ದ ಒಂದೇ ಸಮ ಇರುವುದಿಲ್ಲ, ಯಾವುದು ಎಲ್ಲಿಯದೆಂದು ಗುರುತಿಟ್ಟುಕೊಳ್ಳಬೇಕು. ಬಿಡದ ಮುಚ್ಚಳವನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಅಲ್ಯೂಮಿನಿಯಮ್ಮಿನ ಅಂಚಿನಲ್ಲಿ ಒಂದು ಗೀರು ಬಿದ್ದರೆ ಅಲ್ಲಿಂದ ಎಣ್ಣೆ ಸೋರುವುದನ್ನು ಯಾವ ಗ್ಯಾಸ್ಕೆಟ್ಟೂ ತಡೆಯುವುದಿಲ್ಲ. ಮರದ ಹಿಡಿಯಿಂದ ಸುತ್ತಲೂ ತಟ್ಟಿದರೆ ಬಿಡುತ್ತದೆ.

ಮುಚ್ಚಳ ತೆಗೆದಾಗ ಕಂಡದ್ದು ನಾನು ಊಹಿಸಿದ್ದೇ. ಮೂರು ಸ್ಪ್ರಿಂಗ್ ನಟ್ಟುಗಳಲ್ಲಿ ಎರಡು, ತಾವು ಕೂರುವ ತಿರುಪುಕಡ್ಡಿಯ, ಅಂದರೆ ಸ್ಟಡ್ಡಿನ, ತುದಿಯನ್ನು ಬಹಳ ದಾಟಿ ಒಳಗೆ ಹೋಗಿದ್ದವು, ಮೂರನೆಯದು ಅಷ್ಟು ಒಳಗೆ ಹೋಗಿರಲಿಲ್ಲ. ಈ ನಟ್ಟುಗಳ ತಲೆ ಸ್ಟಡ್ಡಿನ ತುದಿಗೆ ಸಮಮಟ್ಟದಲ್ಲಿರುವುದು ಆರಂಭದ ಸರಿಯಾದ ಸ್ಥಾನ. ಅಲ್ಲಿಂದ ಮುಂದೆ ಮಾಡುವುದೆಲ್ಲ ಸಣ್ಣಪುಟ್ಟ ಹೊಂದಾಣಿಕೆ. ಕ್ಲಚ್ ಲಿವರನ್ನು ಎಳೆದು ಕಟ್ಟಿ ಕಿಕ್ಕರನ್ನು ನಿಧಾನವಾಗಿ ಒತ್ತಿದಾಗ ಪ್ರೆಷರ್ ಪ್ಲೇಟ್ ಕಣ್ಣಿಗೆ ಕಾಣುವಷ್ಟು ಓಲಾಡುತ್ತಾ ತಿರುಗಿತು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಒತ್ತುವ ಪ್ಲೇಟಿನಿಂದ ಲೈನಿಂಗ್ ಒಂದೇ ಬದಿಯಲ್ಲಿ ಸುಡುತ್ತದೆ.

ಸ್ಪ್ರಿಂಗ್ ನಟ್ಟುಗಳನ್ನು ತೆಗೆಯುವುದು ಈ ಕೆಲಸದಲ್ಲಿ ಅತ್ಯಂತ ತಾಳ್ಮೆ ಬೇಡುವ ಹಂತ. ನಟ್ಟಿನ ತಲೆಯಲ್ಲಿ ಅಡ್ಡಗೀಟಿನ ಸೀಳು ಇದೆ, ಆದರೆ ಅದರ ನಡುವೆ ಸ್ಟಡ್ಡಿನ ತುದಿ ಇರುವುದರಿಂದ ಸಾಮಾನ್ಯ ಸ್ಕ್ರೂಡ್ರೈವರ್ ಕೂರುವುದಿಲ್ಲ. ಒಂದು ಹಳೆಯ ಅಗಲ ಬಾಯಿಯ ಸ್ಕ್ರೂಡ್ರೈವರಿನ ತುದಿಯನ್ನು ನಡುವೆ ಅರದಿಂದ ಉಜ್ಜಿ ಕವೆಯಂತೆ ಮಾಡಿಕೊಂಡೆ. ಇನ್ನೊಂದು ತೊಡಕು ನಟ್ಟಿನ ಅಡಿಯಲ್ಲಿದೆ: ನಟ್ ತಾನಾಗಿ ಸಡಿಲವಾಗದಿರಲಿ ಎಂದು ಅದರ ಕೆಳಮುಖದಲ್ಲಿ ಒಂದು ಸಣ್ಣ ಗುಬುಟು ಇಟ್ಟಿದ್ದಾರೆ, ಅದು ಸ್ಪ್ರಿಂಗಿನ ಕೊನೆಯ ಸುರುಳಿಯ ತುದಿಗೆ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ಸ್ಪ್ರಿಂಗೂ ಜೊತೆಗೆ ತಿರುಚಿಕೊಳ್ಳುತ್ತದೆ, ಸ್ಟಡ್ಡಿನ ಮೇಲೂ ಆ ಒತ್ತಡ ಬೀಳುತ್ತದೆ. ತೆಳುವಾದ ಇನ್ನೊಂದು ಸ್ಕ್ರೂಡ್ರೈವರನ್ನು ನಟ್ಟಿನ ಅಡಿಗೆ ತೂರಿಸಿ, ಸ್ಪ್ರಿಂಗಿನ ತುದಿಯನ್ನು ಒಂದು ಕೂದಲೆಳೆಯಷ್ಟು ಕೆಳಗೊತ್ತಿ ಗುಬುಟಿನಿಂದ ಬಿಡಿಸಿಕೊಳ್ಳುತ್ತಾ ನಟ್ಟನ್ನು ತಿರುಗಿಸಬೇಕು. ಪ್ರತಿ ಸುತ್ತಿಗೂ ಒಮ್ಮೆ ಟಕ್ಕೆಂದು ಸಿಕ್ಕುತ್ತದೆ, ಮತ್ತೆ ಬಿಡಿಸಬೇಕು. ಎರಡು ಕೈಗಳೂ ಕೆಲಸದಲ್ಲಿರುವಾಗ ಬಿಡುವ ಕೊನೆಯ ಎಳೆಯಲ್ಲಿ ಸ್ಪ್ರಿಂಗ್ ನಟ್ಟನ್ನು ಎಸೆಯದಿರಲೆಂದು ನಾನು ಮೇಲೊಂದು ಬಟ್ಟೆ ಹೊದಿಸಿಕೊಂಡೆ.

ನಟ್ಟುಗಳು, ಸ್ಪ್ರಿಂಗುಗಳು, ಅವು ಕೂರುವ ಲೋಹದ ಬಟ್ಟಲುಗಳು ಹೊರಬಂದ ಮೇಲೆ ಪ್ರೆಷರ್ ಪ್ಲೇಟ್ ಕೈಗೇ ಬರುತ್ತದೆ, ಅದರ ಹಿಂದೆ ಪ್ಲೇಟುಗಳು ಒಂದೊಂದಾಗಿ. ಕೊಕ್ಕೆಯಂತೆ ಬಾಗಿಸಿದ ಎರಡು ತಂತಿ ತುಂಡುಗಳಿದ್ದರೆ ಎಳೆಯಲು ಅನುಕೂಲ. ಪ್ಲೇಟುಗಳನ್ನಷ್ಟೇ ಬದಲಿಸುವುದಾದರೆ ಎಂಜಿನ್ನಿನ ಬಲವನ್ನು ಕ್ಲಚ್ಚಿಗೆ ತರುವ ಪ್ರೈಮರಿ ಚೈನನ್ನೋ, ವಿದ್ಯುತ್ ತಯಾರಿಸುವ ಆಲ್ಟರ್ನೇಟರನ್ನೋ ಮುಟ್ಟುವ ಅಗತ್ಯವಿಲ್ಲ ಎಂಬುದು ಈ ವಿನ್ಯಾಸದ ದೊಡ್ಡ ಸೌಲಭ್ಯ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಆ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಹಳೆಯ ಪ್ಲೇಟನ್ನು ಒಣಗಿಸಿ ಉಜ್ಜುವುದು, ಕಂಪ್ರೆಸರಿನ ಗಾಳಿಯಿಂದ ಊದುವುದು ಬೇಡವೇ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಎಣ್ಣೆ ಕುಡಿದ ಪ್ಲೇಟುಗಳ ಮೇಲೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚುವ ಹಳೆಯ ಪದ್ಧತಿಯೊಂದಿದೆ. ಲೈನಿಂಗನ್ನು ಅಂಟಿನಿಂದ ಕೂರಿಸಿರುವ ಪ್ಲೇಟುಗಳಿಗೆ ಅದು ಹಾನಿಯೇ, ಹಚ್ಚುವವರಿಗೂ ಅಪಾಯವೇ.

ಫ್ರಿಕ್ಷನ್ ಪ್ಲೇಟುಗಳನ್ನು ವರ್ನಿಯರ್ ಕ್ಯಾಲಿಪರಿನಿಂದ ಸುತ್ತಲೂ ಹಲವು ಕಡೆ ಅಳೆದೆ. ಹೊಸದಕ್ಕಿಂತ 0.75 ಮಿಲಿಮೀಟರಿಗೂ ಹೆಚ್ಚು ತೆಳುವಾಗಿದ್ದರೆ ಬದಲಿಸಬೇಕು ಎಂಬುದು ಮ್ಯಾನ್ಯುಅಲ್ಲಿನ ಮಿತಿ. ನನ್ನವು ಆ ಮಿತಿಯನ್ನು ಮುಟ್ಟಿರಲಿಲ್ಲ, ಆದರೆ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು; ಉಗುರಿನಿಂದ ಕೆರೆದರೆ ಗುರುತೂ ಮೂಡುತ್ತಿರಲಿಲ್ಲ. ಒಂದು ಬದಿಯಲ್ಲಿ ಲೈನಿಂಗ್ ಸುಟ್ಟು ಕರಿಕಾಗಿತ್ತು, ಆ ಓಲಾಡುವ ಪ್ರೆಷರ್ ಪ್ಲೇಟಿನ ಗುರುತು ಅದು. ದಪ್ಪ ಉಳಿದಿದೆಯೆಂದು ಇಂಥ ಪ್ಲೇಟುಗಳನ್ನು ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಆರನ್ನೂ ಬದಲಿಸಿದೆ. ಎರಡು ಹೊಸವು, ನಾಲ್ಕು ಹಳೆಯವು ಎಂದು ಬೆರೆಸಿ ಹಾಕುವ ಉಳಿತಾಯ ನನಗೆ ಒಪ್ಪುವುದಿಲ್ಲ.

ಸ್ಟೀಲ್ ಪ್ಲೇಟುಗಳ ಕಡೆಗೆ ಜನ ಕೊಡುವ ಗಮನ ಕಡಿಮೆ, ಕೊಡಬೇಕಾದದ್ದು ಹೆಚ್ಚು. ಅವುಗಳಲ್ಲಿ ಎರಡರ ಮೇಲೆ ನೀಲಿ ಛಾಯೆಯ ಕಲೆಗಳಿದ್ದವು, ಅಂದರೆ ಜಾರಿ ಜಾರಿ ಉಕ್ಕು ಅಷ್ಟು ಕಾದಿತ್ತು. ದಪ್ಪ ಗಾಜಿನ ಹಲಗೆಯೊಂದರ ಮೇಲೆ ಒಂದೊಂದನ್ನೇ ಇಟ್ಟು ಬೆರಳಿನಿಂದ ಅಂಚನ್ನು ಒತ್ತಿ ನೋಡಿದೆ; ಸಮತಟ್ಟಾದ ಪ್ಲೇಟ್ ಅಲುಗುವುದಿಲ್ಲ, ಬಾಗಿದ ಪ್ಲೇಟ್ ಟಕಟಕ ಎನ್ನುತ್ತದೆ. ಆಮೇಲೆ 0.1 ಮಿಲಿಮೀಟರಿನ ಫೀಲರ್ ಗೇಜನ್ನು (ಸಂದು ಅಳೆಯುವ ತೆಳು ಪಟ್ಟಿ) ಸುತ್ತಲೂ ತೂರಿಸಲು ನೋಡಿದೆ. ನೀಲಿಯಾಗಿದ್ದ ಎರಡೂ ಪ್ಲೇಟುಗಳ ಕೆಳಗೆ ಗೇಜ್ ಸರಾಗವಾಗಿ ಹೋಯಿತು. ಬಾಗಿದ ಪ್ಲೇಟ್ ಲೈನಿಂಗಿಗೆ ಪೂರ್ತಿ ಮುಖ ಕೊಡದೆ ಎರಡು ಮೂರು ಉಬ್ಬುಗಳಲ್ಲಿ ಮಾತ್ರ ತಾಗುತ್ತದೆ. ಆ ಉಬ್ಬುಗಳು ಮತ್ತೆ ಕಾಯುತ್ತವೆ, ಮತ್ತೆ ಬಾಗುತ್ತವೆ. ಆ ಎರಡನ್ನು ಬದಲಿಸಿದೆ. ಸಮತಟ್ಟಾಗಿದ್ದ ನಾಲ್ಕನ್ನು ಗಾಜಿನ ಮೇಲೆ ಹರಡಿದ ಎಮರಿ ಕಾಗದದಲ್ಲಿ, ಎಂಟರ ಆಕಾರದಲ್ಲಿ ಕೈಯಾಡಿಸುತ್ತಾ, ಹೊಳಪು ಹೋಗಿ ಮಂಕು ಬಣ್ಣ ಬರುವವರೆಗೆ ಉಜ್ಜಿ ತೊಳೆದೆ.

ಸ್ಪ್ರಿಂಗುಗಳನ್ನು ಮೇಜಿನ ಮೇಲೆ ಹೊಸದೊಂದರ ಪಕ್ಕದಲ್ಲಿ ನಿಲ್ಲಿಸಿದರೆ ಸಾಕು, ಅಳೆಯದೆಯೂ ತಿಳಿಯುತ್ತದೆ. ಹೊಸದಕ್ಕಿಂತ 2.5 ಮಿಲಿಮೀಟರ್ ಕುಗ್ಗಿದ ಸ್ಪ್ರಿಂಗನ್ನು ಬದಲಿಸಬೇಕು, ಬದಲಿಸುವಾಗ ಮೂರನ್ನೂ ಒಟ್ಟಿಗೇ ಬದಲಿಸಬೇಕು. ನನ್ನ ಮೂರರಲ್ಲಿ ಎರಡು ಕುಗ್ಗಿದ್ದವು; ಮಿತಿಮೀರಿ ಬಿಗಿ ಮಾಡಿದ್ದ ಎರಡೇ ಅವು. ಹಿಂದಿನವರ ಬಿಗಿತ ಅವನ್ನು ಕುಗ್ಗಿಸಿತೋ, ಕುಗ್ಗಿದ್ದಕ್ಕೆ ಅವರು ಬಿಗಿ ಮಾಡಿದರೋ, ಈಗ ಹೇಳುವುದು ಕಷ್ಟ. ಗಡಸು ಸ್ಪ್ರಿಂಗುಗಳನ್ನು ಹಾಕುವಂತೆ ಸಲಹೆ ಕೊಡುವವರು ಸಿಗುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡಿಲ್ಲದ ಬೈಕಿಗೆ ಅವು ಬೇಕಿಲ್ಲ. ಮೂಲ ಸ್ಪ್ರಿಂಗುಗಳ ಬಲ ಪೂರ್ತಿಯಾಗಿ ಪ್ಲೇಟುಗಳನ್ನು ತಲುಪಿದರೆ ಸಾಕಾದಷ್ಟಿದೆ.

ಪ್ಲೇಟುಗಳು ಹೊರಗಿರುವಾಗ, ಅವನ್ನು ಸುತ್ತುವರಿಯುವ ಹೌಸಿಂಗ್ ಮತ್ತು ಅವುಗಳ ನಡುವೆ ಕೂರುವ ಹಬ್ಬನ್ನು ನೋಡದೆ ಮುಂದೆ ಹೋಗಬಾರದು. ಫ್ರಿಕ್ಷನ್ ಪ್ಲೇಟುಗಳ ಹೊರ ಕಿವಿಗಳು ಹೌಸಿಂಗಿನ ತೋಡುಗಳಲ್ಲಿ ಜಾರಿ ಚಲಿಸುತ್ತವೆ, ಸ್ಟೀಲ್ ಪ್ಲೇಟುಗಳ ಒಳಹಲ್ಲುಗಳು ಹಬ್ಬಿನ ಮೇಲೆ. ವರ್ಷಗಟ್ಟಲೆ ಬಡಿದು ಬಡಿದು ಆ ತೋಡುಗಳ ಗೋಡೆಯಲ್ಲಿ ಮೆಟ್ಟಿಲುಗಳಂಥ ಕಚ್ಚುಗಳು ಬಿದ್ದಿರುತ್ತವೆ. ಲಿವರ್ ಬಿಟ್ಟಾಗ ಪ್ಲೇಟ್ ಆ ಕಚ್ಚಿನಲ್ಲಿ ಸಿಕ್ಕಿ ನಿಂತರೆ ಇಡೀ ಕಟ್ಟು ಪೂರ್ತಿಯಾಗಿ ಒತ್ತಿಕೊಳ್ಳುವುದಿಲ್ಲ. ಲಿವರ್ ಎಳೆದಾಗ ಸಿಕ್ಕಿ ನಿಂತರೆ ಕ್ಲಚ್ ಬಿಡುವುದಿಲ್ಲ. ನನ್ನಲ್ಲಿ ಕಚ್ಚುಗಳು ಆಳವಾಗಿರಲಿಲ್ಲ. ಸಪಾಟು ನುಣುಪು ಅರವನ್ನು ಹಿಡಿದು, ಪ್ರತಿಯೊಂದು ತೋಡಿನಲ್ಲೂ ಎಣಿಸಿದಷ್ಟೇ ಎಳೆತ ಎಳೆದು, ಗೋಡೆ ನೇರವಾಗುವಷ್ಟು ಮಾತ್ರ ಉಜ್ಜಿದೆ. ಒಂದು ತೋಡನ್ನು ಹೆಚ್ಚು ಉಜ್ಜಿದರೆ ಮುಂದೆ ಉಳಿದ ಕಿವಿಗಳ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಪುಡಿ ಚೈನಿನ ಮೇಲೆ ಬೀಳದಂತೆ ಸುತ್ತಲೂ ಬಟ್ಟೆ ತುರುಕಿದ್ದೆ.

ಹೌಸಿಂಗನ್ನು ಎರಡು ಕೈಗಳಲ್ಲಿ ಹಿಡಿದು ಅಲ್ಲಾಡಿಸಿದಾಗ ಸ್ವಲ್ಪವೇ ಓಲಾಟವಿತ್ತು, ಅದು ಸಹಜ. ಹೆಚ್ಚಿದ್ದಿದ್ದರೆ ಆಲ್ಟರ್ನೇಟರ್, ಎಂಜಿನ್ ಸ್ಪ್ರಾಕೆಟ್, ಚೈನ್, ಕ್ಲಚ್ ಎಲ್ಲವನ್ನೂ ಒಟ್ಟಿಗೇ ಹೊರತೆಗೆದು ಒಳಗಿನ 20 ಬಿಡಿ ರೋಲರುಗಳನ್ನು ಬದಲಿಸಬೇಕಾಗುತ್ತಿತ್ತು. ಆ ರೋಲರುಗಳ ಉದ್ದ ಅವುಗಳ ವ್ಯಾಸಕ್ಕಿಂತ ಒಂದಿಷ್ಟು ಕಡಿಮೆ, ಆದ್ದರಿಂದ ಉದ್ದವೂ ವ್ಯಾಸವೂ ಸಮವಾಗಿರುವ ಮಾಮೂಲಿ ರೋಲರುಗಳನ್ನು ಹಾಕಿದರೆ ಕ್ಲಚ್ ಬಿಗಿಹಿಡಿಯುತ್ತದೆ. ಹಬ್ಬಿನ ನಡುವಿನ ನಟ್ಟಿನ ಬಿಗಿಯನ್ನು ಮಾತ್ರ ನೋಡಿದೆ. ಅದಕ್ಕೆ ಹಬ್ ಮತ್ತು ಹೌಸಿಂಗ್ ಒಂದಕ್ಕೊಂದು ಲಾಕ್ ಆಗಿರಬೇಕು. ತೆಗೆದಿಟ್ಟ ಒಂದು ಫ್ರಿಕ್ಷನ್ ಪ್ಲೇಟನ್ನೂ ಒಂದು ಬಾಗಿದ ಸ್ಟೀಲ್ ಪ್ಲೇಟನ್ನೂ ಜೋಡಿಸಿ ಬೋಲ್ಟ್ ಹಾಕಿ ಒಂದಾಗಿಸಿದರೆ ಅದೇ ಒಂದು ಉಪಕರಣ. ಅದನ್ನು ಒಳಗಿಟ್ಟು, ಟಾಪ್ ಗಿಯರಿನಲ್ಲಿ ಹಿಂದಿನ ಬ್ರೇಕ್ ಒತ್ತಿಸಿ, ಟಾರ್ಕ್ ವ್ರೆಂಚನ್ನು 50 ಪೌಂಡ್-ಅಡಿಗೆ ಇಟ್ಟು ನೋಡಿದಾಗ ನಟ್ ಕದಲಲಿಲ್ಲ.

ಪ್ರೈಮರಿ ಚೈನಿನ ಸಡಿಲವನ್ನೂ ಇದೇ ಸಂದರ್ಭದಲ್ಲಿ ನೋಡಿಕೊಂಡೆ. ಮೇಲಿನ ಎಳೆಯ ನಡುವೆ ಬೆರಳಿನಿಂದ ಎತ್ತಿ ಒತ್ತಿದರೆ ಒಟ್ಟು ಸುಮಾರು 10 ಮಿಲಿಮೀಟರ್ ಚಲನೆ ಇರಬೇಕು. ಚೈನ್ ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲವಾದ್ದರಿಂದ ಎಂಜಿನ್ನನ್ನು ತಿರುಗಿಸುತ್ತಾ ಹಲವು ಕಡೆ ನೋಡಿ, ಅತ್ಯಂತ ಬಿಗಿಯಿರುವ ಜಾಗದಲ್ಲಿ ಈ ಅಳತೆ ಹಿಡಿಯಬೇಕು.

ಜೋಡಣೆ ಬಿಚ್ಚಿದ್ದರ ಹಿಮ್ಮುಖ ಕ್ರಮವೇ: ಮೊದಲು ಫ್ರಿಕ್ಷನ್ ಪ್ಲೇಟ್, ಅದರ ಮೇಲೆ ಸ್ಟೀಲ್, ಹೀಗೆ ಸರದಿಯಂತೆ, ಕೊನೆಯಲ್ಲಿ ಸ್ಟೀಲ್, ಅದರ ಮೇಲೆ ಪ್ರೆಷರ್ ಪ್ಲೇಟ್. ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕುವ ರೂಢಿ ಕಾರ್ಕ್ ಲೈನಿಂಗಿನ ಕಾಲದ್ದು. ಇಂದಿನ ಲೈನಿಂಗಿಗೆ ಎರಡೂ ಮುಖಗಳ ಮೇಲೆ ತೆಳ್ಳಗೆ ಎಣ್ಣೆ ಸವರಿದರೆ ಸಾಕೆಂಬುದು ನನ್ನ ಅಭಿಪ್ರಾಯ.

ಸ್ಪ್ರಿಂಗ್ ನಟ್ಟುಗಳನ್ನು ಸ್ಟಡ್ಡಿನ ತುದಿಗೆ ಸಮವಾಗಿ ತಂದು ನಿಲ್ಲಿಸಿದ ಮೇಲೆ ಪ್ರೆಷರ್ ಪ್ಲೇಟಿನ ಓಲಾಟವನ್ನು ಸರಿಪಡಿಸುವ ಕೆಲಸ ಉಳಿಯುತ್ತದೆ. ಪುಶ್ ರಾಡಿನ ಅಂತರವನ್ನೂ ಕೇಬಲನ್ನೂ ಮೊದಲು ಹೇಳಿದಂತೆ ಹೊಂದಿಸಿ, ಲಿವರನ್ನು ಹಿಡಿಕೆಗೆ ಕಟ್ಟಿ, ಚೈನ್ ಕೇಸಿನ ಅಂಚಿಗೆ ಒಂದು ತಂತಿಯನ್ನು ಸಿಕ್ಕಿಸಿ ಅದರ ತುದಿ ಪ್ರೆಷರ್ ಪ್ಲೇಟಿನ ಅಂಚಿಗೆ ತಾಗಿಯೂ ತಾಗದಂತೆ ಬಾಗಿಸಿದೆ. ಕಿಕ್ಕರನ್ನು ಕೈಯಿಂದಲೇ ಮೆಲ್ಲನೆ ಒತ್ತಿ ಪ್ಲೇಟ್ ತಿರುಗಿಸಿದಾಗ ಯಾವ ಕಡೆ ಅದು ಹೊರಗೆದ್ದು ತಂತಿಗೆ ತಾಗುತ್ತದೋ ಆ ಕಡೆಯ ಸ್ಪ್ರಿಂಗ್ ಉಳಿದವಕ್ಕಿಂತ ಸಡಿಲ. ಅದರ ನಟ್ಟನ್ನು ಅರ್ಧ ಸುತ್ತು ಒಳಗೆ ತಿರುಗಿಸಿ ಮತ್ತೆ ನೋಡಬೇಕು. ಮೂರು ಸ್ಪ್ರಿಂಗುಗಳಾದ್ದರಿಂದ ಒಂದನ್ನು ಮುಟ್ಟಿದರೆ ಉಳಿದೆರಡರ ಲೆಕ್ಕವೂ ಬದಲಾಗುತ್ತದೆ. ತಂತಿ ಮತ್ತು ಪ್ಲೇಟಿನ ನಡುವಿನ ಸಂದು ಒಂದು ಪೂರ್ತಿ ಸುತ್ತಿಗೂ ಒಂದೇ ಸಮ ಕಾಣುವವರೆಗೆ ಇದನ್ನು ಬಿಡದೆ ಮಾಡಿದೆ. ಈ ಹಂತದಲ್ಲಿ ಅವಸರ ಮಾಡಿದರೆ ಹೊಸ ಪ್ಲೇಟುಗಳೂ ಹಳೆಯವುಗಳ ಹಾದಿಯನ್ನೇ ಹಿಡಿಯುತ್ತವೆ.

ಮುಚ್ಚಳದ ಎರಡೂ ಅಂಚುಗಳನ್ನು ಒರೆಸಿ, ಹೊಸ ಗ್ಯಾಸ್ಕೆಟ್ಟಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, 350 ಮಿಲಿಲೀಟರ್ ಎಣ್ಣೆಯನ್ನು ಅಳೆದು ಹಾಕಿದೆ.

ಮೊದಲ ಪರೀಕ್ಷೆ ಕಿಕ್ಕರಿನದು. ಅದು ಈಗ ಎಂಜಿನ್ನಿನ ಕಂಪ್ರೆಷನ್ನನ್ನು ಕಾಲಿಗೆ ನೇರವಾಗಿ ತಲುಪಿಸಿತು. ಎರಡನೆಯದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಟಾಪ್ ಗಿಯರಿನಲ್ಲಿ ನಿಧಾನವಾಗಿ ಸಾಗುತ್ತಿರುವಾಗ ಏರಿನ ಬುಡದಲ್ಲಿ ಆಕ್ಸಿಲರೇಟರನ್ನು ಪೂರ್ತಿ ತೆರೆಯುವುದು. ಜಾರುವ ಕ್ಲಚ್ಚಿಗೆ ಇದಕ್ಕಿಂತ ಕಠಿಣ ಪರೀಕ್ಷೆಯಿಲ್ಲ, ಏಕೆಂದರೆ ಎಂಜಿನ್ ತನ್ನ ಹೆಚ್ಚಿನ ತಿರುಗುಬಲವನ್ನು ಕೊಡುವಾಗ ಚಕ್ರ ಬೇಗ ತಿರುಗಲು ಒಪ್ಪುವುದಿಲ್ಲ, ನಡುವೆ ಕ್ಲಚ್ ಒಂದೇ ಅದನ್ನು ತಾಳಬೇಕು. ಸದ್ದೂ ವೇಗವೂ ಜೊತೆಜೊತೆಯಾಗಿಯೇ ಏರಿದವು. ಲಿವರ್ ಎರಡು ಬೆರಳಿಗೆ ಬಂದಿತ್ತು, ಹಿಂದಿನದಕ್ಕಿಂತ ಸಡಿಲವಾದ ಸ್ಪ್ರಿಂಗುಗಳಿಂದಲೇ.

ಹೊಸ ಲೈನಿಂಗ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕೂತುಕೊಳ್ಳುವಾಗ ಒಂದಿಷ್ಟು ತೆಳುವಾಗುತ್ತದೆ, ಆಗ ಪುಶ್ ರಾಡಿನ ಅಂತರವೂ ಕುಗ್ಗುತ್ತದೆ. ಸುಮಾರು 300 ಕಿಲೋಮೀಟರ್ ಓಡಿಸಿದ ಮೇಲೆ ಮುಚ್ಚಳದ ನಡುವಿನ ತಿರುಪನ್ನು ಬಿಚ್ಚಿ ನೋಡಿದಾಗ ಒಂದು ಸುತ್ತಿನ ಅಂತರ ಮುಕ್ಕಾಲು ಸುತ್ತಿಗೆ ಇಳಿದಿತ್ತು. ಅದನ್ನು ಮತ್ತೆ ಒಂದು ಸುತ್ತಿಗೆ ತಂದು ಲಾಕ್ ಮಾಡಿ, ಎಣ್ಣೆಯನ್ನು ಇಳಿಸಿ ತಟ್ಟೆಯ ತಳವನ್ನು ನೋಡಿದೆ. ಪುಡಿ ಇನ್ನೂ ತುಸು ಇತ್ತು, ಸುಟ್ಟ ವಾಸನೆ ಇರಲಿಲ್ಲ. ಹೊಸ ಎಣ್ಣೆ ಹಾಕಿ, ಕೇಬಲ್ಲಿನ ಪ್ಲೇಯನ್ನು 3 ಮಿಲಿಮೀಟರಿಗೆ ಇಟ್ಟು ಕೆಲಸ ಮುಗಿಸಿದೆ.